ಒಂದು ರಾತ್ರಿಗೆ ಬಾಡಿಗೆ ಗೇಮ್: ಸ್ವಿಚ್ಚಾ, ಪಿಎಸ್ 5 ಆ, ಬರೀ ಲ್ಯಾಪ್‌ಟಾಪಾ?

ಶನಿವಾರ ರಾತ್ರಿಗೆ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ಬಾಡಿಗೆ ತರುವವರು ಮೊದಲು ವಿಚಾರಿಸುವುದು ಗ್ರಾಫಿಕ್ಸ್ ಬಗ್ಗೆ. ವಿಚಾರಿಸಬೇಕಾದ್ದು ಕಂಟ್ರೋಲರ್ ಎಷ್ಟು ಕೊಡ್ತಾರೆ ಅನ್ನೋದನ್ನ. ಆರು ಜನರಲ್ಲಿ ಇಬ್ಬರೇ ಆಡುತ್ತಿದ್ದರೆ ಉಳಿದ ನಾಲ್ವರು ಅರ್ಧ ಗಂಟೆಯಲ್ಲಿ ರೀಲ್ಸ್ ನೋಡ್ತಾ ಕೂತಿರ್ತಾರೆ. ನಿಂಟೆಂಡೊದ ಸ್ವಿಚ್, ಸೋನಿಯ ಪಿಎಸ್ 5, ಬರೀ ಲ್ಯಾಪ್‌ಟಾಪ್, ಮೂರನ್ನೂ ಆಡಿ ನೋಡಿದ್ದು ಇದೇ ಅಳತೆಗೋಲಲ್ಲಿ.

ನಾಲ್ಕು ಜನರಿದ್ದರೆ ಸ್ವಿಚ್ ಮತ್ತು ಮಾರಿಯೋ ಕಾರ್ಟ್ 8 ಡಿಲಕ್ಸ್ ಅನ್ನೋ ರೇಸ್ ಗೇಮ್, ಎರಡನೇ ಮಾತಿಲ್ಲ. ಸ್ವಿಚ್‌ನ ಎರಡು ಬದಿಗಿರುವ ಒಂದು ಜೋಡಿ ಜಾಯ್-ಕಾನ್ ಬಿಡಿಸಿದರೆ ಎರಡು ಕಂಟ್ರೋಲರ್. ಎರಡು ಜೋಡಿ ಇದ್ದರೆ ನಾಲ್ವರಿಗೂ ಸಾಕು. ಕಾರ್ಟ್ರಿಜ್ ಹಾಕಿದರೆ ಇನ್‌ಸ್ಟಾಲ್‌ಗೆ ಕಾಯಬೇಕಿಲ್ಲ. ಗೇಮ್ ಮುಟ್ಟಿಯೇ ಇಲ್ಲದವರಿಗೆ ಗಾಡಿ ಆರಿಸುವ ಪರದೆಯಲ್ಲಿ ಪ್ಲಸ್ ಬಟನ್ ಒತ್ತಿ ಸ್ಮಾರ್ಟ್ ಸ್ಟೀರಿಂಗ್ ಮತ್ತು ಆಟೊ ಆಕ್ಸಿಲರೇಟ್ ಹಾಕಿಕೊಡಿ, ಕೊನೇಪಕ್ಷ ಹಳ್ಳಕ್ಕೆ ಬೀಳುವುದಿಲ್ಲ. ವೇಗದ ಮಟ್ಟ 100 ಸಿಸಿಯಿಂದ ಶುರು ಮಾಡಿ. 200 ಸಿಸಿಯಲ್ಲಿ ಹೊಸಬರು ಗೋಡೆಗೆ ಗುದ್ದುತ್ತಲೇ ಇರ್ತಾರೆ. ನಾಲ್ವರು ಆಡುವಾಗ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 60ರಿಂದ 30ಕ್ಕೆ ಇಳಿಯುತ್ತದೆ, ಆದರೆ ಆ ಗಲಾಟೆಯಲ್ಲಿ ಅದನ್ನು ಗಮನಿಸುವವರು ಯಾರು!

ಯಾಮಾರುವುದು ಅಂಗಡಿಯಲ್ಲೇ. ಸ್ವಿಚ್ ಲೈಟ್ ಅನ್ನೋ ಮಾಡೆಲ್ ಕೊಟ್ಟರೆ ಬೇಡ ಅನ್ನಿ: ಅದು ಟಿವಿಗೆ ಕನೆಕ್ಟ್ ಆಗುವುದಿಲ್ಲ, ಜಾಯ್-ಕಾನ್ ಬಿಚ್ಚಲೂ ಬರುವುದಿಲ್ಲ. ಡಾಕ್ (ಸ್ವಿಚ್ಚನ್ನು ಟಿವಿಗೆ ಜೋಡಿಸುವ ಸ್ಟ್ಯಾಂಡ್), ಅದರ ಅಡಾಪ್ಟರ್, ಎಚ್‌ಡಿಎಂಐ ಕೇಬಲ್ ಎಣಿಸಿಕೊಳ್ಳಿ. ಜಾಯ್-ಕಾನ್‌ನ ಸ್ಟ್ರಾಪ್ ಕೂಡ ಕೇಳಿ. ಅದಿಲ್ಲದೆ ಜಾಯ್-ಕಾನ್ ಅಂಚಿನ ಪುಟ್ಟ ಎಸ್‌ಎಲ್, ಎಸ್‌ಆರ್ ಬಟನ್ ಒತ್ತಿ ಒತ್ತಿ ಬೆರಳು ನೋಯುತ್ತದೆ. ಕೈ ಬಿಟ್ಟರೂ ಮೆನುವಿನಲ್ಲಿ ಕರ್ಸರ್ ತಾನಾಗಿ ಓಡಿದರೆ ಸ್ಟಿಕ್ ಸವೆದಿದೆ ಅಂತ, ಬದಲಿಸಿಕೊಳ್ಳಿ.

ಪಿಎಸ್ 5ರ ಕಥೆ ಬೇರೆ. ಡಿಸ್ಕ್ ಆದರೂ ಮೊದಲು ಇನ್‌ಸ್ಟಾಲ್ ಆಗಬೇಕು, ಅಪ್‌ಡೇಟ್ ಬಂದರೆ ವೈಫೈ ಮೇಲೆ ಕಾಯಬೇಕು. ಡಿಸ್ಕ್ ಹಾಕುವ ಜಾಗವೇ ಇಲ್ಲದ ಡಿಜಿಟಲ್ ಎಡಿಷನ್ ತಂದು ಜೊತೆಗೆ ಡಿಸ್ಕ್ ಹಿಡಿದು ಬಂದರೆ ಆ ರಾತ್ರಿ ಮುಗೀತು. ಇನ್ನೊಂದು ತೊಡಕು: ಎಕ್ಸ್‌ಟ್ರಾ ಅಂತ ಪಿಎಸ್ 4ರ ಕಂಟ್ರೋಲರ್ ಕೊಟ್ಟರೆ ಅದರಲ್ಲಿ ಪಿಎಸ್ 5 ಗೇಮ್ ಆಡಲಾಗುವುದಿಲ್ಲ, ಪಿಎಸ್ 4 ಗೇಮ್ ಮಾತ್ರ. ಹಾಗಾಗಿ ಓವರ್‌ಕುಕ್ಡ್ 2ರ ಪಿಎಸ್ 4 ಡಿಸ್ಕ್ ಕೇಳುವುದೇ ಜಾಣತನ. ಈ ಅಡುಗೆ ಗೇಮ್‌ನಲ್ಲಿ ಒಂದೇ ಕಂಟ್ರೋಲರನ್ನು ಇಬ್ಬರು ಅರ್ಧರ್ಧ ಹಿಡಿದೂ ಆಡಬಹುದು, ಎರಡರಲ್ಲಿ ನಾಲ್ವರು. ಅಡುಗೆಮನೆ ಜಗಳ ಖಾಯಂ. ಗುಂಪಿಗೆ ಫುಟ್‌ಬಾಲ್ ಗೇಮ್ ಹುಚ್ಚಿದ್ದರೆ ಮಾತ್ರ ಪಿಎಸ್ 5 ಸ್ವಿಚ್‌ಗಿಂತ ಮೇಲು.

ಆರೆಂಟು ಜನ ಸೇರಿದರೆ ಬಾಡಿಗೆಯೇ ದಂಡ. ಲ್ಯಾಪ್‌ಟಾಪನ್ನು ಟಿವಿಗೆ ಕನೆಕ್ಟ್ ಮಾಡಿ ಡ್ರಾಫುಲ್ 2 ಅನ್ನೋ ಚಿತ್ರ ಬರೆಯುವ ಗೇಮ್ ಹಾಕಿ: ಒಬ್ಬರು ಕೊಂಡರೆ ಸಾಕು, ಎಂಟು ಜನರವರೆಗೆ ಬ್ರೌಸರ್‌ನಲ್ಲಿ ನಾಲ್ಕಕ್ಷರದ ಕೋಡ್ ಹೊಡೆದು ಅವರವರ ಮೊಬೈಲ್‌ನಲ್ಲೇ ಚಿತ್ರ ಬರೆಯುತ್ತಾರೆ. ಇಂಟರ್ನೆಟ್ ಬೇಕೇ ಬೇಕು. ಚಿತ್ರ ಬರೆಯಲು ಕೊಡುವ ಸಾಲುಗಳು ಇಂಗ್ಲಿಷ್‌ನವು, ಕೆಲವು ಅಮೆರಿಕದವರಿಗೇ ನಗು ತರುವಂಥವು. ಆದರೆ ನಮ್ಮದೇ ಸಾಲು ಸೇರಿಸಬಹುದು. ‘ಅಡ್ಡಗೋಡೆ ಮೇಲೆ ದೀಪ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ನೋಡಿ.

ಯಾವುದನ್ನೇ ತಂದರೂ ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ, ಇಲ್ಲವಾದರೆ ಒತ್ತಿದ್ದಕ್ಕೂ ಪರದೆಗೂ ತಾಳ ತಪ್ಪುತ್ತದೆ. ತಂದ ಸಾಮಾನಿನ ವಿಡಿಯೋ ಅಂಗಡಿಯಲ್ಲೇ ತೆಗೆದಿಟ್ಟುಕೊಳ್ಳಿ. ವಾಪಸ್ ಕೊಡುವ ಮುಂಚೆ ಲಾಗಿನ್ ಆದ ಅಕೌಂಟ್ ಅಳಿಸಿ.