ಕಪ್ಪು ಕಲೆಗೆಂದು ತಂದ ‘ವೈಟನಿಂಗ್ ಸೀರಮ್’: ನಮ್ಮ ಮನೆಯಲ್ಲಿ ಆದದ್ದು ನಿಮ್ಮ ಮನೆಯಲ್ಲಿ ಆಗದಿರಲಿ

ಮೊಡವೆ ಒಣಗಿದ ಜಾಗದಲ್ಲಿ ಉಳಿಯುವ ಕಪ್ಪು ಕಲೆಗೋ ಕೆನ್ನೆಯ ಮೇಲಿನ ಬಂಗಿಗೋ ಸೀರಮ್ ಕೊಳ್ಳಲು ಹೊರಟಿರುವವರು, ಅದರಲ್ಲೂ ಮದುವೆಯ ದಿನ ಗೊತ್ತಾಗಿ ಅಷ್ಟರೊಳಗೆ ಮುಖ ತಿಳಿಯಾಗಬೇಕೆಂಬ ಅವಸರದಲ್ಲಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನನ್ನ ತಂಗಿಗೆ ಆದದ್ದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಇಂಥ ಮುಖಗಳನ್ನು ತಾವು ದಿನವೂ ನೋಡುತ್ತೇವೆ ಎಂದು ಅವಳಿಗೆ ಚಿಕಿತ್ಸೆ ಕೊಟ್ಟ ಚರ್ಮವೈದ್ಯರು ಹೇಳಿದ ಮೇಲೆ, ಸುಮ್ಮನಿರುವುದು ಸರಿಯಲ್ಲ ಎನಿಸಿತು.

ತಂಗಿಯದು ನಮ್ಮ ಅಮ್ಮನ ಹಾಗೆ ಎಣ್ಣೆಗಪ್ಪು ಬಣ್ಣ. ಕೆನ್ನೆಯಲ್ಲೂ ದವಡೆಯ ಅಂಚಿನಲ್ಲೂ ಮೊಡವೆ ಬಿಟ್ಟುಹೋದ ಕಲೆಗಳಿದ್ದವು. ದಾವಣಗೆರೆಯಲ್ಲಿ ಅವಳು ಹುಬ್ಬು ತೀಡಿಸಿಕೊಳ್ಳಲು ಹೋಗುತ್ತಿದ್ದ ಪಾರ್ಲರಿನವರು ಅವಳಿಗೆ ಎರಡು ವಸ್ತುಗಳನ್ನು ಕೊಟ್ಟರು. ಒಂದು, ಡ್ರಾಪರ್ ಇರುವ ಸಣ್ಣ ಗಾಜಿನ ಬಾಟಲಿ. ಅದರ ಮೇಲೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ‘ವೈಟನಿಂಗ್ ಸೀರಮ್’ ಎಂದು ಬಿಟ್ಟರೆ ತಯಾರಿಸಿದವರ ವಿಳಾಸವಾಗಲಿ, ಬ್ಯಾಚ್ ನಂಬರ್ ಆಗಲಿ, ಒಳಗೆ ಏನೇನಿದೆ ಎಂಬ ಪಟ್ಟಿಯಾಗಲಿ ಇರಲಿಲ್ಲ. ಇನ್ನೊಂದು, ರಟ್ಟಿನ ಡಬ್ಬಿಯಿಂದ ಮೊದಲೇ ಹೊರತೆಗೆದಿದ್ದ ಕ್ರೀಮಿನ ಟ್ಯೂಬು. ಹಗಲು ಸೀರಮ್, ರಾತ್ರಿ ಕ್ರೀಮು, ಹದಿನೈದು ದಿನದಲ್ಲಿ ನೀವೇ ನೋಡಿ ಎಂದು ಹೇಳಿ ಕಳಿಸಿದರು.

ಹೇಳಿದ ಹಾಗೆಯೇ ಆಯಿತು, ಜನ ನಂಬುವುದೂ ಇದರಿಂದಲೇ. ಎರಡು ವಾರ ತುಂಬುವಷ್ಟರಲ್ಲಿ ಮುಖ ಒಂದು ಬಗೆಯಲ್ಲಿ ಹೊಳೆಯತೊಡಗಿತು, ಕಲೆಗಳು ಮಸುಕಾದವು, ನೆಂಟರಿಷ್ಟರು ಏನು ಹಚ್ಚುತ್ತೀಯ ಎಂದು ಕೇಳತೊಡಗಿದರು. ಟ್ಯೂಬು ಮುಗಿದಾಗ ಮನೆಯ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಖಾಲಿ ಟ್ಯೂಬು ತೋರಿಸಿ ಹೊಸದನ್ನು ತರುವುದು ರೂಢಿಯಾಯಿತು, ಒಮ್ಮೆಯೂ ಯಾರೂ ವೈದ್ಯರ ಚೀಟಿ ಕೇಳಲಿಲ್ಲ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಒಲೆಯ ಮುಂದೆ ನಿಂತರೂ ಸಾಕು, ಕೆನ್ನೆ ಕೆಂಪಗಾಗಿ ಉರಿಯತೊಡಗಿತು. ಕ್ರೀಮು ಬಿಟ್ಟ ಎರಡು ಮೂರು ದಿನಕ್ಕೆ ನವೆ ಎದ್ದು, ಕೀವು ತುಂಬಿದ ಸಣ್ಣ ಗುಳ್ಳೆಗಳು ಮುಖವಿಡೀ ಹರಡುತ್ತಿದ್ದವು, ಮತ್ತೆ ಹಚ್ಚಿದರೆ ಎಲ್ಲವೂ ಅಡಗುತ್ತಿತ್ತು. ಹೀಗಾಗಿ ಆ ಕ್ರೀಮೇ ತನಗೆ ಔಷಧ ಎಂದು ಅವಳು ನಂಬಿದ್ದಳು. ಆಮೇಲೆ ಗಲ್ಲದ ಮೇಲೆ ಕೂದಲು ದಟ್ಟವಾದವು, ಮೂಗಿನ ಪಕ್ಕದ ಚರ್ಮ ತೆಳುವಾಗಿ ಕೆಂಪು ನರಗಳ ಎಳೆ ಕಾಣಿಸಿತು, ಕೊನೆಗೆ ಮೊದಲಿದ್ದದ್ದಕ್ಕಿಂತ ಅಗಲವಾದ ಕಪ್ಪು ಪಟ್ಟೆಗಳು ಕೆನ್ನೆಯ ಮೇಲೆ ಬಂದವು.

ಚರ್ಮವೈದ್ಯರು ಕೇಳಿದ ಮೊದಲ ಪ್ರಶ್ನೆಯೇ, ಇದುವರೆಗೆ ಹಚ್ಚಿದ್ದನ್ನೆಲ್ಲ ತಂದಿದ್ದೀರಾ ಎಂಬುದು. ಟ್ಯೂಬನ್ನು ಬೆಳಕಿಗೆ ಹಿಡಿದು, ಸಾಸಿವೆಯಷ್ಟು ಚಿಕ್ಕ ಅಕ್ಷರಗಳಲ್ಲಿದ್ದ ಮೂರು ಹೆಸರುಗಳನ್ನು ಓದಿಸಿದರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್. ಮೊದಲನೆಯದು ಚರ್ಮದ ಬಣ್ಣವನ್ನು ತಿಳಿಮಾಡುವ ಔಷಧ, ಎರಡನೆಯದು ವಿಟಮಿನ್ ಎ ಜಾತಿಯದು, ಮೂರನೆಯದು ಸ್ಟೀರಾಯ್ಡ್. ಉರಿಯೂತವನ್ನು ಅದುಮಿ, ರಕ್ತನಾಳಗಳನ್ನು ಕುಗ್ಗಿಸಿ, ಮುಖ ಬೆಳ್ಳಗಾದಂತೆ ಬೇಗನೆ ತೋರಿಸುವುದು ಅದೇ. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮವನ್ನು ತೆಳುವಾಗಿಸಿ, ಬಿಟ್ಟರೆ ಕೆರಳುವ ಸ್ಥಿತಿಗೆ ತರುವುದೂ ಅದೇ. ನಮ್ಮ ದೇಶದ ಚರ್ಮವೈದ್ಯರು ಈ ಸ್ಥಿತಿಗೆ ‘ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್’ (ಸ್ಟೀರಾಯ್ಡ್ ಹಚ್ಚಿ ಹಾಳಾದ ಮುಖ) ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ ಎಂದರೆ, ಇದು ಎಷ್ಟು ಹಬ್ಬಿದೆ ಎಂದು ಊಹಿಸಬಹುದು.

ಈ ಮೂರರ ಮಿಶ್ರಣ ಕಳ್ಳಮಾಲೇನೂ ಅಲ್ಲ. 1975ರಲ್ಲಿ ಅಮೆರಿಕದ ವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಸೂತ್ರದಿಂದ ಬಂದದ್ದು, ಬಂಗಿನ ಚಿಕಿತ್ಸೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ವೈದ್ಯರು ಅದನ್ನು ಕಲೆಯ ಮೇಲೆ, ಕೆಲವೇ ವಾರ, ತಮ್ಮ ಕಣ್ಗಾವಲಿನಲ್ಲಿ ಹಚ್ಚಿಸುತ್ತಾರೆ. ಅದನ್ನೇ ಫೇರ್‌ನೆಸ್ ಕ್ರೀಮಿನಂತೆ ಮುಖವಿಡೀ ವರ್ಷಗಟ್ಟಲೆ ಬಳಿದುಕೊಳ್ಳುವಂತೆ ಮಾಡಿದವರು ಮಾರುವವರು. ಹೈಡ್ರೋಕ್ವಿನೋನ್ ಒಂದನ್ನೇ ದೀರ್ಘಕಾಲ ಬಳಸಿದರೂ, ಚರ್ಮದ ಆಳದಲ್ಲಿ ನೀಲಿ ಮಿಶ್ರಿತ ಕಪ್ಪು ಬಣ್ಣ ಕೂತುಬಿಡುವ ಓಕ್ರೊನೋಸಿಸ್ ಎಂಬ ತೊಂದರೆ ಬರಬಹುದು. ದಕ್ಷಿಣ ಆಫ್ರಿಕಾದ ಕಪ್ಪು ವರ್ಣೀಯ ಮಹಿಳೆಯರಲ್ಲಿ ಅದನ್ನು ವೈದ್ಯರು ಗುರುತಿಸಿ ಬರೆದದ್ದೂ ಅದೇ 1975ರಲ್ಲಿ. ಕಲೆ ತೆಗೆಯಲೆಂದು ಹಚ್ಚಿದ್ದೇ ಅಳಿಸಲಾಗದ ಕಲೆ ತಂದ ಕಾರಣ ಆ ದೇಶ 1990ರಲ್ಲಿ ಸೌಂದರ್ಯವರ್ಧಕಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಭಾರತದಲ್ಲಿ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲಿ ಶೆಡ್ಯೂಲ್ ಎಚ್ ಕಟ್ಟುಪಾಡಿಗೆ ಒಳಪಡಿಸಲಾಗಿದೆ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ನಿಯಮವಿದ್ದೂ ನನ್ನ ತಂಗಿಗೆ ಅದು ಕೇಳಿದಾಗಲೆಲ್ಲ ಸಿಕ್ಕಿತು ಎಂಬುದೇ ನನ್ನ ದೊಡ್ಡ ದೂರು.

ಬಾಟಲಿಯ ಕತೆ ಇನ್ನೂ ಕೆಟ್ಟದ್ದು, ಏಕೆಂದರೆ ಅದರಲ್ಲಿ ಏನಿತ್ತೆಂದು ತಿಳಿಯುವ ದಾರಿಯೇ ಇರಲಿಲ್ಲ. ವೈದ್ಯರು ಮುನ್ನೆಚ್ಚರಿಕೆಯಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಪರೀಕ್ಷೆ ಮಾಡಿಸಲು ಹೇಳಿದಾಗ ನಮಗೆ ಆಶ್ಚರ್ಯವಾಯಿತು. ಮುಖಕ್ಕೆ ಹಚ್ಚಿದ್ದಕ್ಕೂ ಮೂತ್ರಪಿಂಡಕ್ಕೂ ಏನು ಸಂಬಂಧ ಎಂದರೆ, ಹೆಸರು ವಿಳಾಸವಿಲ್ಲದ ಬಿಳುಪಿನ ಕ್ರೀಮು, ಸೀರಮ್‌ಗಳಲ್ಲಿ ಪಾದರಸ ಇರುವ ಸಂಭವವಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಬೇಕಾದ ಟೈರೋಸಿನೇಸ್ ಎಂಬ ಕಿಣ್ವವನ್ನು ಪಾದರಸ ತಡೆಯುತ್ತದೆ, ಆದ್ದರಿಂದ ಬಣ್ಣ ನಿಜಕ್ಕೂ ತಿಳಿಯಾಗುತ್ತದೆ, ಜೊತೆಗೆ ಅದು ಚರ್ಮದ ಮೂಲಕ ದೇಹವನ್ನು ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಫೇರ್‌ನೆಸ್ ಕ್ರೀಮು ಬಳಸುತ್ತಿದ್ದವರಲ್ಲಿ ಒಂದೇ ಬಗೆಯ ಮೂತ್ರಪಿಂಡದ ಕಾಯಿಲೆಯನ್ನು ವೈದ್ಯರು ಪತ್ತೆ ಹಚ್ಚಿದ ಸುದ್ದಿ 2023ರಲ್ಲಿ ಬಂದಿತ್ತು. ದೇವರ ದಯೆಯಿಂದ ತಂಗಿಯ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಆ ಬಾಟಲಿಯಲ್ಲಿ ಪಾದರಸ ಇತ್ತೆಂದು ನಾನು ಹೇಳುತ್ತಿಲ್ಲ. ಇರಲಿಲ್ಲವೆಂದು ಹೇಳಲು ಯಾವ ಆಧಾರವನ್ನೂ ಮಾರಿದವರು ಕೊಟ್ಟಿರಲಿಲ್ಲ ಎಂಬುದಷ್ಟೇ ನನ್ನ ಮಾತು. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಕರ ಹೆಸರು ಮತ್ತು ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಎಷ್ಟರೊಳಗೆ ಬಳಸಬೇಕೆಂಬ ದಿನಾಂಕ ಮತ್ತು ಘಟಕಗಳ ಪಟ್ಟಿ ಲೇಬಲ್ಲಿನ ಮೇಲೆ ಇರಬೇಕು, ವಿದೇಶದಿಂದ ಬಂದ ಮಾಲಾದರೆ ಆಮದು ನೋಂದಣಿ ಸಂಖ್ಯೆಯೂ ಇರಬೇಕು. ಇವಿಲ್ಲದ ಬಾಟಲಿಯನ್ನು ಯಾರು ಕೊಟ್ಟರೂ, ಎಷ್ಟೇ ಪರಿಚಯದವರಾದರೂ, ವಾಪಸ್ ಕೊಟ್ಟುಬಿಡಿ.

ನಮ್ಮ ಬಣ್ಣದ ಚರ್ಮಕ್ಕೆ ಈ ವಿಷಯದಲ್ಲಿ ಹೆಚ್ಚಿನ ಜಾಗ್ರತೆ ಏಕೆ ಬೇಕೆಂದು ವೈದ್ಯರು ತಾಳ್ಮೆಯಿಂದ ವಿವರಿಸಿದರು. ಬಣ್ಣ ತಯಾರಿಸುವ ಮೆಲನೊಸೈಟ್ ಜೀವಕೋಶಗಳ ಸಂಖ್ಯೆ ಬೆಳ್ಳಗಿನವರಲ್ಲೂ ಕಪ್ಪಗಿನವರಲ್ಲೂ ಹೆಚ್ಚುಕಡಿಮೆ ಒಂದೇ. ಕಪ್ಪು ಚರ್ಮದಲ್ಲಿ ಅವು ಹೆಚ್ಚು ಚುರುಕು, ಅವು ಕಟ್ಟುವ ಬಣ್ಣದ ಕಣಗಳೂ ದೊಡ್ಡವು. ಮೊಡವೆ, ಗಾಯ, ಸೊಳ್ಳೆಕಡಿತ, ಉರಿ, ಉಜ್ಜುವಿಕೆ, ಯಾವುದೇ ಆಗಲಿ, ಚರ್ಮಕ್ಕೆ ಪೆಟ್ಟು ಬಿದ್ದೊಡನೆ ಅವು ಬಣ್ಣ ಸುರಿಯುತ್ತವೆ. ಆದ್ದರಿಂದ ಕಲೆ ತೆಗೆಯಲೆಂದು ಹಚ್ಚಿದ ವಸ್ತು ಚರ್ಮವನ್ನು ಉರಿಸಿದರೆ, ಅದೇ ಹೊಸ ಕಲೆಗೆ ಕಾರಣವಾಗುತ್ತದೆ. ‘ಸ್ವಲ್ಪ ಉರಿದರೆ ಕೆಲಸ ಮಾಡುತ್ತಿದೆ ಎಂದರ್ಥ’ ಎಂದು ಪಾರ್ಲರಿನವರು ತಂಗಿಗೆ ಹೇಳಿದ್ದರು. ಬೆಳ್ಳನೆಯ ಚರ್ಮದವರು ಕೆಂಪಾಗಿ ಎರಡು ದಿನಕ್ಕೆ ಸರಿಹೋಗುವ ಉರಿ, ನಮ್ಮಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಪ್ಪಾಗುತ್ತದೆ.

ಒಳ್ಳೆಯ ಕಂಪನಿಯ, ಲೇಬಲ್ ಸರಿಯಾಗಿರುವ ಸೀರಮ್ ಕೊಳ್ಳುವಾಗಲೂ ಇದೇ ಅಳತೆಗೋಲು ಇಟ್ಟುಕೊಳ್ಳಿ. ಸೌಮ್ಯವಾದದ್ದರಿಂದ ಆರಂಭಿಸುವುದಾದರೆ ನಿಯಾಸಿನಮೈಡ್ ಇದೆ. ಅದು ಬಣ್ಣದ ಕಣಗಳು ಮೇಲಿನ ಜೀವಕೋಶಗಳಿಗೆ ಸಾಗುವುದನ್ನು ತಡೆಯುತ್ತದೆ, ಶೇಕಡಾ 4ರಿಂದ 5 ಸಾಕು, ಅದರ ದುಪ್ಪಟ್ಟು ಇದ್ದರೆ ದುಪ್ಪಟ್ಟು ಗುಣ ಎಂಬುದೇನಿಲ್ಲ. ಅಜೆಲೇಯಿಕ್ ಆಸಿಡ್ ಮೊಡವೆಗೂ ಕಲೆಗೂ ಎರಡಕ್ಕೂ ಆಗುತ್ತದೆ, ಗರ್ಭಿಣಿಯರಿಗೂ ವೈದ್ಯರು ಸಾಮಾನ್ಯವಾಗಿ ಕೊಡುವಂಥದ್ದು, ಮೊದಮೊದಲು ಸ್ವಲ್ಪ ನವೆಯಾಗಬಹುದು. ರೆಟಿನಾಲ್, ಟ್ರೆಟಿನಾಯಿನ್ ಜಾತಿಯವನ್ನು ಮಾತ್ರ ಗರ್ಭಿಣಿಯರು ಮುಟ್ಟಬಾರದು. ವಿಟಮಿನ್ ಸಿ ಸೀರಮ್ ಗಾಳಿ ಬೆಳಕಿಗೆ ಬೇಗ ಕೆಡುತ್ತದೆ. ನೀರಿನಂತೆ ತಿಳಿಯಾಗಿದ್ದದ್ದು ಚಹಾದ ಬಣ್ಣಕ್ಕೆ ತಿರುಗಿದ್ದರೆ ಬೆಲೆ ನೋಡಿ ಮರುಗದೆ ಎಸೆಯಿರಿ. ಗ್ಲೈಕಾಲಿಕ್ ಮುಂತಾದ ಆಸಿಡ್‌ಗಳು ಒಟ್ಟು ಶೇಕಡಾ 30 ಇರುವ ಕಡುಕೆಂಪು ಪೀಲಿಂಗ್ ದ್ರಾವಣಗಳನ್ನು ಮನೆಯಲ್ಲಿ ಹಚ್ಚಿಕೊಂಡು ಸುಟ್ಟುಕೊಂಡವರ ಮುಖ ಅದೇ ಕ್ಲಿನಿಕ್ಕಿನಲ್ಲಿ ನಮ್ಮ ಪಕ್ಕದಲ್ಲೇ ಕೂತಿತ್ತು. ಮನೆಬಳಕೆಗೆ ಶೇಕಡಾ 10 ಮೀರಬಾರದು, ನಮ್ಮ ಬಣ್ಣಕ್ಕೆ ಅದಕ್ಕಿಂತಲೂ ಕಡಿಮೆಯಿಂದ ಶುರುಮಾಡುವುದು ಕ್ಷೇಮ. ಒಂದೇ ಸಲ ಮೂರು ನಾಲ್ಕು ಸೀರಮ್‌ಗಳನ್ನು ಒಂದರ ಮೇಲೊಂದು ಹಚ್ಚುವುದನ್ನು ಬಿಡಿ. ಒಂದನ್ನು ಆರಿಸಿ, ಕಿವಿಯ ಹಿಂದೆ ಕೆಲವು ದಿನ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ ತನ್ನಿ. ನಿಂಬೆರಸವೂ ಆಸಿಡ್ಡೇ ಎಂಬುದನ್ನು ಮರೆತು, ಅಡುಗೆಮನೆಯದೆಲ್ಲ ನಿರಪಾಯ ಎಂದು ಅದನ್ನು ನೇರವಾಗಿ ಹಚ್ಚಿಕೊಂಡು ಬಿಸಿಲಿಗೆ ಹೋಗುವವರೂ ಸುಟ್ಟುಕೊಳ್ಳುತ್ತಾರೆ.

ಇಷ್ಟು ಮಾಡಿದರೂ ಕಲೆ ತಿಳಿಯಾಗಲು ತಿಂಗಳುಗಳು ಬೇಕು. ಕಂದು ಬಣ್ಣದ ಕಲೆ ಚರ್ಮದ ಮೇಲುಪದರದ್ದು, ಅದು ನಿಧಾನವಾಗಿಯಾದರೂ ಹೋಗುತ್ತದೆ. ಬೂದಿ ಅಥವಾ ನೀಲಿ ಛಾಯೆಯದು ಆಳದ್ದು, ಅದಕ್ಕೆ ಸೀರಮ್ ತಲುಪುವುದೇ ಕಷ್ಟ. ಸನ್‌ಸ್ಕ್ರೀನ್ ಇಲ್ಲದೆ ಸೀರಮ್ ಹಚ್ಚುವುದು ಹಣ ದಂಡ. ಇಲ್ಲಿ ಅಂಗಡಿಯವರು ಹೇಳದ ಒಂದು ಸಂಗತಿಯಿದೆ: ಕಪ್ಪು ಚರ್ಮದಲ್ಲಿ ಅತಿನೇರಳೆ ಕಿರಣಗಳಷ್ಟೇ ಅಲ್ಲದೆ ಕಣ್ಣಿಗೆ ಕಾಣುವ ಬೆಳಕೂ ಕಲೆಯನ್ನು ಗಾಢವಾಗಿಸುತ್ತದೆ. ಸಾಧಾರಣ ಸನ್‌ಸ್ಕ್ರೀನ್ ಆ ಬೆಳಕನ್ನು ತಡೆಯದು, ಐರನ್ ಆಕ್ಸೈಡ್ ಸೇರಿಸಿದ, ಮೈಬಣ್ಣದ ಛಾಯೆಯ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ಬಂಗು ಇರುವವರಿಗೆ ನಾಲ್ಕು ಸೀರಮ್‌ಗಳ ಹಣವನ್ನು ಇದೊಂದಕ್ಕೆ ಹಾಕಿ ಎಂದೇ ನಾನು ಹೇಳುತ್ತೇನೆ.

ಎಲ್ಲ ಕಪ್ಪಿಗೂ ಸೀರಮ್ ಉತ್ತರವಲ್ಲ ಎಂಬುದನ್ನೂ ತಿಳಿದಿರಬೇಕು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗುವ ಕಪ್ಪು ಅನೇಕ ವೇಳೆ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಸೂಚನೆ, ಅಲ್ಲಿ ಉಜ್ಜುವ ಬದಲು ಸಕ್ಕರೆ ಪರೀಕ್ಷೆ ಮಾಡಿಸಬೇಕು. ಹಣೆ, ಕಿವಿಯಂಚಿನ ಕಪ್ಪಿಗೆ ಕೂದಲಿನ ಡೈ ಕಾರಣವಿರಬಹುದು, ಹಣೆಯ ನಡುವಿನದಕ್ಕೆ ಕುಂಕುಮವೋ ಬಿಂದಿಯ ಅಂಟೋ ಕಾರಣವಿರಬಹುದು, ಕಾರಣ ಬಿಡದೆ ಕಲೆ ಬಿಡದು. ಇನ್ನು ಕಲೆ ತಿಳಿಯಾಗುವುದು ಬೇರೆ, ಮೈಬಣ್ಣವೇ ಬೆಳ್ಳಗಾಗುವುದು ಬೇರೆ. ಈ ಎರಡನ್ನೂ ಒಂದೇ ಬಾಟಲಿಯಲ್ಲಿ ಕೊಡುತ್ತೇನೆ ಎನ್ನುವವರ ಹತ್ತಿರ ಯಾವುದನ್ನೂ ಕೊಳ್ಳಬೇಡಿ. ತಂಗಿಗೆ ಬೇಕಿದ್ದದ್ದು ಕಲೆ ಹೋಗುವುದು ಮಾತ್ರ. ಅಮ್ಮನಿಂದ ಬಂದ ಬಣ್ಣದ ಬಗ್ಗೆ ಅವಳಿಗೆ ಯಾವ ಬೇಸರವೂ ಇರಲಿಲ್ಲ, ಅವಳ ಬಣ್ಣಕ್ಕೆ ಕೊರತೆ ಕಟ್ಟಿದವರು ಮಾರುವವರು.

ಈಗಾಗಲೇ ಇಂಥ ಟ್ಯೂಬು ಹಚ್ಚುತ್ತಿರುವವರು ಇದನ್ನು ಓದಿ ಗಾಬರಿಯಿಂದ ಇವತ್ತೇ ಎಸೆಯಬೇಡಿ, ಮುಚ್ಚಿಡಲೂ ಬೇಡಿ. ಬಹಳ ಕಾಲ ಹಚ್ಚಿದ್ದರೆ ನಿಲ್ಲಿಸಿದಾಗ ಮುಖ ಕೆರಳುತ್ತದೆ, ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುವವರೇ ಹೆಚ್ಚು. ಟ್ಯೂಬು, ಬಾಟಲಿ, ಡಬ್ಬಿ, ಬಿಲ್ಲು ಏನಿದೆಯೋ ಎಲ್ಲವನ್ನೂ ತೆಗೆದುಕೊಂಡು ಚರ್ಮವೈದ್ಯರ ಹತ್ತಿರ ಹೋಗಿ. ಖಾಸಗಿ ಕ್ಲಿನಿಕ್ಕಿನ ಖರ್ಚು ಕಷ್ಟವಾದರೆ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು. ತಂಗಿಗೆ ವೈದ್ಯರು ಸ್ಟೀರಾಯ್ಡನ್ನು ಹಂತಹಂತವಾಗಿ ಇಳಿಸಿದರು, ಬಹಳ ದಿನ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಬಿಟ್ಟು ಬೇರೇನನ್ನೂ ಮುಖಕ್ಕೆ ಸೋಕಿಸಗೊಡಲಿಲ್ಲ, ಉರಿ ಪೂರ್ತಿ ನಿಂತ ಮೇಲಷ್ಟೇ ಕಲೆಗೆ ಔಷಧ ಶುರುಮಾಡಿದರು. ಔಷಧದಿಂದಾದ ಅಡ್ಡಪರಿಣಾಮವನ್ನು ದೇಶದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಗಳೇ ತಿಳಿಸಬಹುದು. ಚೀಟಿ ಇಲ್ಲದೆ ಇಂಥ ಮುಲಾಮು ಮಾರುವ ಅಂಗಡಿಯ ಬಗ್ಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು, ನಾವು ಕೊಟ್ಟಿದ್ದೇವೆ.