ಕುವೆಂಪುನಗರದ ರೈತರ ಮಳಿಗೆ: ಅಕ್ಕಿಯೂ ಗಟ್ಟಿ, ಲೆಕ್ಕವೂ ಗಟ್ಟಿ

ಮಳವಳ್ಳಿ ಕಡೆಯ, ರೈತರೇ ಒಡೆಯರಾದ ರೈತ ಉತ್ಪಾದಕ ಕಂಪನಿಯೊಂದು ಮೈಸೂರಿನ ಕುವೆಂಪುನಗರದಲ್ಲಿ ಮಳಿಗೆ ತೆರೆದಿದೆ. ಜನ ಅಲ್ಲಿಗೆ ಬರುವುದು ರಾಜಮುಡಿ ಅಕ್ಕಿಗಾಗಿ. ಪಾಲಿಶ್ ಮಾಡದ ಅಕ್ಕಿ, ಕಾಳಿನ ಮೇಲೆ ಕೆಂಪು ಉಳಿದಿರುತ್ತದೆ. ಚೆನ್ನಾಗಿ ನೆನೆಸಿ ಬೇಯಿಸಿದರೆ ಅನ್ನ ಮೆತ್ತಗಾಗುತ್ತದೆ, ಅಗಿದಷ್ಟೂ ರುಚಿ. ಹುರುಳಿಕಾಳಿನ ಬಸ್ಸಾರಿನೊಂದಿಗೆ ನಮ್ಮ ಮನೆಯಲ್ಲಿ ಈಗ ಇದೇ ಅನ್ನ. ಅಚ್ಚು ಬೆಲ್ಲ ಕಡುಕಂದು ಬಣ್ಣದ್ದು. ಹೈಡ್ರೋಸ್ ಎಂಬ ಬಣ್ಣ ತಿಳಿಗೊಳಿಸುವ ರಾಸಾಯನಿಕ ಹಾಕಿ ಹಳದಿ ಮಾಡಿದ ಬೆಲ್ಲಕ್ಕೆ ಒಗ್ಗಿದ ಕಣ್ಣಿಗೆ ಹಿಡಿಸಲಿಕ್ಕಿಲ್ಲ, ನಾಲಿಗೆಗೆ ಖಂಡಿತ ಹಿಡಿಸುತ್ತದೆ.

ಒಂದು ಕೊರತೆ ಇದೆ, ಸಣ್ಣದಲ್ಲ. ಅಕ್ಕಿಚೀಲದ ಮೇಲೆ ಗಿರಣಿಯಾದ ದಿನಾಂಕವಿಲ್ಲ. ತೌಡು ಉಳಿದ ಅಕ್ಕಿಗೆ ಬೇಗ ಹುಳು ಬೀಳುತ್ತದೆ. ಕೊಳ್ಳುವವರಿಗೆ ಅದು ಎಷ್ಟು ಹಳೆಯದೆಂದು ತಿಳಿಯಬೇಡವೇ?

ನಾನು ಸಹಕಾರ ಸಂಘಗಳ ಲೆಕ್ಕ ಪರಿಶೋಧನೆ ಮಾಡಿ ನಿವೃತ್ತನಾದವನು. ಯಾವ ಅಂಗಡಿಗೆ ಹೋದರೂ ದುಡ್ಡು ಕೊನೆಗೆ ಯಾರ ಕೈ ಸೇರುತ್ತದೆ ಎಂದು ನೋಡುತ್ತೇನೆ. ಗಲ್ಲಾದಲ್ಲಿದ್ದ ಹೆಣ್ಣುಮಗಳನ್ನು "ಲಾಭ ಬಂದರೆ ಯಾರಿಗಮ್ಮ?" ಎಂದು ಕೇಳಿದೆ. "ಭತ್ತ ಕೊಟ್ಟವರಿಗೆ ಸಾರ್, ಕೊಟ್ಟಷ್ಟಕ್ಕೆ ತಕ್ಕ ಹಾಗೆ. ನಮ್ಮ ಮನೆಯವರೂ ಕೊಡುತ್ತಾರೆ" ಎಂದರು. ಕಾನೂನು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. 2002ರಲ್ಲಿ ಕಂಪನಿ ಕಾಯ್ದೆಗೆ ಬಂದ ತಿದ್ದುಪಡಿಯಿಂದ 10 ಮಂದಿ ರೈತರು ಸೇರಿ ಉತ್ಪಾದಕ ಕಂಪನಿ ಕಟ್ಟಬಹುದು. ಯಾರ ಬಳಿ ಎಷ್ಟೇ ಷೇರು ಇರಲಿ, ಮತ ಒಂದೇ. ಷೇರಿನ ಪ್ರತಿಫಲಕ್ಕೆ ಮಿತಿ ಇದೆ; ಮಿಕ್ಕ ಹಣವನ್ನು ಮಾಲು ಪೂರೈಸಿದವರಿಗೆ ಬೋನಸ್ಸಾಗಿ ಹಂಚಲು ಅವಕಾಶವಿದೆ.

ಮಳಿಗೆಯ ಈ ಕಂಪನಿಯನ್ನು ಆರಂಭಿಸಿದಾತ ಕೆಲಸ ಬಿಟ್ಟು ಊರಿಗೆ ಮರಳಿದ ಇಂಜಿನಿಯರ್. ದಲ್ಲಾಳಿಯ ಸಾಲದಲ್ಲಿದ್ದ ರೈತರನ್ನು ಜಗಲಿ ಜಗಲಿಗೆ ಹೋಗಿ ಒಪ್ಪಿಸಿದ ಆ ಛಲವೇ ಸಾಮಾಜಿಕ ಉದ್ಯಮಶೀಲತೆ, ಅಂದರೆ ಜನರ ಕಷ್ಟ ನೀಗಲು ಹೊಸದೊಂದು ಉದ್ಯಮ ಕಟ್ಟುವ ಗುಣ. ಆತ ಈಗ ಕಂಪನಿಯಲ್ಲಿಲ್ಲ. ಸದಸ್ಯರು ಆರಿಸಿದ ನಿರ್ದೇಶಕರು ನಡೆಸುತ್ತಾರೆ, ಮಳಿಗೆಗೆ ಮಾಲು ತರುವ ಗುರುವಾರದ ಗಾಡಿ ತಪ್ಪದೆ ಬರುತ್ತದೆ. ಆರಂಭಿಸಿದವರು ಹೊರಟ ಮೇಲೂ ನಿಂತರೆ ಮಾತ್ರ ಅದನ್ನು ನಾನು ಸಾಮಾಜಿಕ ಉದ್ಯಮ ಎಂದು ಒಪ್ಪುತ್ತೇನೆ. ಬಾಂಗ್ಲಾದೇಶದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನಸ್ 1976ರಲ್ಲಿ ಜೋಬ್ರಾ ಗ್ರಾಮದ ಬಡವರಿಗೆ ಕೊಟ್ಟ ಸಣ್ಣ ಸಾಲ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. 2011ರಲ್ಲಿ ಅವರು ಅದರ ಹೊಣೆಯಿಂದ ಇಳಿದರೂ ಬ್ಯಾಂಕ್ ನಡೆಯುತ್ತಿದೆ.

ಛಲವೆಲ್ಲ ಅಂಗಡಿಯಾಗಬೇಕೆಂದೇನೂ ಇಲ್ಲ. ಇದೇ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಂಥವರು ಬೀಜ ಉಳಿಸದಿದ್ದರೆ ಇಂಥ ಮಳಿಗೆಗಳು ಮಾರುವುದಾದರೂ ಏನನ್ನು? ಹಾಗೆಯೇ, ಯಾರದೋ ಅಲೆದಾಟದಿಂದ ಹುಟ್ಟಿದ ಸಂಸ್ಥೆಗೆ ಲೆಕ್ಕದ ಶಿಸ್ತು ಬಾರದಿದ್ದರೆ ಏನಾಗುತ್ತದೆಂದು ಬಾಗಿಲು ಮುಚ್ಚಿದ ಸಂಘಗಳ ಕಡತಗಳಲ್ಲಿ ನೋಡಿ ನೊಂದಿದ್ದೇನೆ.

ಅದಕ್ಕೇ ನಿರ್ದೇಶಕರಲ್ಲಿ ನನ್ನ ಕೋರಿಕೆ: ಗಿರಣಿಯ ದಿನಾಂಕ ಮುದ್ರಿಸಿ, ಜೊತೆಗೆ ರೈತರಿಗೆ ಕೊಟ್ಟ ದರವನ್ನು ಮಾರಾಟದ ದರದ ಪಕ್ಕದಲ್ಲೇ ಹಲಗೆಯ ಮೇಲೆ ಬರೆಯಿರಿ. ಕೊಳ್ಳುವವರು ಶುಕ್ರವಾರ ಹೋಗುವುದು ಒಳ್ಳೆಯದು. ಶನಿವಾರ ಸಂಜೆಗೆ ರಾಜಮುಡಿ ಮುಗಿದಿರುತ್ತದೆ, ಭಾನುವಾರ ರಜೆ.