ಎಚ್‌ಐವಿ ಮಾತ್ರೆ ತಗೊಳ್ಳುವವರು ಶುಗರ್ ಕ್ಲಿನಿಕ್‌ಗೆ ಹೋಗುವಾಗ ಹುಷಾರು

ಎಚ್‌ಐವಿ ಮಾತ್ರೆ ಜೊತೆ ಶುಗರ್ ಮಾತ್ರೆಯೂ ನುಂಗುವವರು ದಯವಿಟ್ಟು ಇದನ್ನು ಓದಿ. ನಿಮ್ಮ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಎಷ್ಟಿದೆ ಅಂತ ಈಗಲೇ ತೆಗೆದು ನೋಡಿ.

ನಾನು ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಸೆಂಟರ್‌ನಿಂದ ಟಿಎಲ್‌ಡಿ ತೆಗೆದುಕೊಳ್ಳುತ್ತೇನೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದು ಮಾತ್ರೆ. ಮೊದಲು ಎಫಾವಿರೆಂಜ್ ಅನ್ನುವ ಬೇರೆ ಎಚ್‌ಐವಿ ಔಷಧ ಇದ್ದಾಗ ತಲೆಸುತ್ತು, ಕೆಟ್ಟ ಕನಸು ಕಾಡುತ್ತಿದ್ದವು. ಇದರಲ್ಲಿ ನನಗೆ ಆ ಕಾಟ ಇಲ್ಲ. ಶುಗರ್‌ಗೆ ಮೆಟ್‌ಫಾರ್ಮಿನ್ ಬೆಳಿಗ್ಗೆ 500, ರಾತ್ರಿ 500. ಅದೂ ಚೆನ್ನಾಗಿಯೇ ಒಗ್ಗಿತ್ತು.

ಶುಗರ್ ಸ್ವಲ್ಪ ಏರಿದೆ ಅಂತ ಒಂದು ಖಾಸಗಿ ಕ್ಲಿನಿಕ್‌ಗೆ ಹೋದೆ. ಏನೂ ಮುಚ್ಚಿಡಲಿಲ್ಲ. ಬಾಗಿಲು ಹಾಕಿಸಿ, ನನಗೆ ಎಚ್‌ಐವಿ ಇದೆ, ಈ ಮಾತ್ರೆ ನಡೀತಿದೆ ಅಂತ ಹೇಳಿ ನನ್ನ ಎಚ್‌ಐವಿ ಮಾತ್ರೆಯ ವಿವರ ಇರುವ ಎಆರ್‌ಟಿ ಪುಸ್ತಕ ಮುಂದಿಟ್ಟೆ. ಆ ಡಾಕ್ಟರ್ ಅದನ್ನು ಕೈಯಿಂದ ಮುಟ್ಟಲೂ ಇಲ್ಲ. ಪೆನ್ನಿನ ತುದಿಯಿಂದ ನನ್ನ ಕಡೆಗೆ ತಳ್ಳಿದರು. "ಗೊತ್ತು ಗೊತ್ತು, ಇದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ" ಅಂದರು. ಮೆಟ್‌ಫಾರ್ಮಿನ್ 1000 ಬೆಳಿಗ್ಗೆ, 1000 ರಾತ್ರಿ ಅಂತ ಬರೆದರು. ಔಷಧ ಅವರದ್ದೇ ಅಂಗಡಿಯಲ್ಲಿ. ಗೊತ್ತಲ್ಲ, ಹೇಗಿರುತ್ತೆ ಅಂತ.

ಆಮೇಲೆ ಶುರುವಾಯಿತು. ವಾಕರಿಕೆ, ಬಾಯಲ್ಲೆಲ್ಲ ಲೋಹದ ರುಚಿ, ಭೇದಿ. ತಿಂದದ್ದು ನಿಲ್ಲುತ್ತಿರಲಿಲ್ಲ. ಹುಬ್ಬಳ್ಳಿಗೆ ಹೋಗುವಾಗ ರಾಣೆಬೆನ್ನೂರು ದಾಟಿದ ಮೇಲೆ ಕಂಡಕ್ಟರ್ ಹತ್ತಿರ ಬಸ್ಸು ನಿಲ್ಲಿಸಿ ಅಂತ ಬೇಡಿಕೊಳ್ಳಬೇಕಾಯಿತು. ತುಂಬಿದ ಬಸ್ಸು, ಎಲ್ಲರೂ ಕಿಟಕಿಯಿಂದ ನೋಡುತ್ತಿದ್ದಾರೆ. ಆ ಅವಮಾನ ನನಗೇ ಗೊತ್ತು.

ಕ್ಲಿನಿಕ್‌ಗೆ ಫೋನ್ ಮಾಡಿದರೆ "ಅಭ್ಯಾಸ ಆಗುತ್ತೆ" ಅಂತ ಉತ್ತರ. ಮತ್ತೆ ಹೋದೆ. ಹೊಟ್ಟೆಗೆ ಅಂತ ಒಂದು ಆಂಟಾಸಿಡ್ ಸಿರಪ್ ಬರೆದರು. ಊಟದ ಮುಂಚೆ ಎಲ್ಲ ಮಾತ್ರೆ ಜೊತೆಗೇ ಕುಡೀರಿ ಅಂದರು. ಕೊನೆಗೆ ಹೇಳಿದ ಮಾತು ಕೇಳಿ: "ಇದೆಲ್ಲ ನಿಮ್ಮ ಆ ಮಾತ್ರೆಯಿಂದ ಆಗ್ತಿರೋದು. ಸ್ವಲ್ಪ ದಿನ ಅದನ್ನ ನಿಲ್ಲಿಸಿ ನೋಡಿ."

ಎಚ್‌ಐವಿ ಮಾತ್ರೆ ನಿಲ್ಲಿಸಬೇಕಂತೆ! ಬಿಟ್ಟು ಬಿಟ್ಟು ತಗೊಂಡರೆ ವೈರಸ್ ಮತ್ತೆ ಏರುತ್ತೆ, ಆ ಮಾತ್ರೆಗೇ ಬಗ್ಗದ ಹಾಗೆ ಆಗಬಹುದು. ಎಆರ್‌ಟಿಗೆ ಹೋಗುವ ಯಾರಿಗೆ ಬೇಕಾದರೂ ಇದು ಗೊತ್ತು. ಓದಿದ ಡಾಕ್ಟರ್‌ಗೆ ಗೊತ್ತಿಲ್ಲವಾ? ನಾನು ನಿಲ್ಲಿಸಲಿಲ್ಲ, ಪುಣ್ಯ.

ಮಾತ್ರೆ ತರಲು ಎಆರ್‌ಟಿ ಸೆಂಟರ್‌ಗೆ ಹೋದಾಗ ಅಲ್ಲಿನ ಫಾರ್ಮಸಿಸ್ಟ್ ಮೇಡಂ ಶುಗರ್ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿದರು. "ಇದನ್ನ ಯಾರು ಬರೆದದ್ದು? ಪುಸ್ತಕ ತೋರಿಸಲಿಲ್ವಾ?" ಅಂದರು. ತೋರಿಸಿದ್ದೆ ಮೇಡಂ, ತೋರಿಸಿದ್ದೆ! ಆಗ ಅವರು ಬಿಡಿಸಿ ಹೇಳಿದರು. ಮೆಟ್‌ಫಾರ್ಮಿನ್ ಕಿಡ್ನಿಯಿಂದ ಹೊರಗೆ ಹೋಗುವುದನ್ನು ಡೊಲುಟೆಗ್ರಾವಿರ್ ತಡೆಯುತ್ತೆ. ರಕ್ತದಲ್ಲಿ ಮೆಟ್‌ಫಾರ್ಮಿನ್ ಶೇಕಡಾ 79ರಷ್ಟು ಜಾಸ್ತಿ ಆಗುತ್ತೆ. ಅದಕ್ಕೇ ಇವೆರಡೂ ಒಟ್ಟಿಗೆ ಇದ್ದರೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ದಾಟಬಾರದು ಅನ್ನುವುದು. ನನಗೆ ಅದರ ಎರಡರಷ್ಟು ಬರೆದಿದ್ದರು. ಇನ್ನು ಆ ಸಿರಪ್. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ಮೈಗೆ ಹತ್ತಲು ಬಿಡುವುದಿಲ್ಲ. ಅಂದರೆ ಶುಗರ್ ಮಾತ್ರೆ ಮಿತಿಮೀರಿತು, ಎಚ್‌ಐವಿ ಮಾತ್ರೆ ಮೈಗೆ ಹತ್ತದ ಹಾಗಾಯಿತು. ಎರಡೂ ಒಬ್ಬರೇ ಡಾಕ್ಟರ್ ಬರೆದ ಚೀಟಿಗಳಿಂದ!

ಅಲ್ಲಿನ ಡಾಕ್ಟರ್ ಡೋಸ್ ಇಳಿಸಿದರು, ಸಿರಪ್ ನಿಲ್ಲಿಸಿದರು, ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯೇಟಿನಿನ್ ನೋಡಿದರು. ಹೊಟ್ಟೆ ಸರಿಯಾಯಿತು.

ಕೇಳಲೇಬೇಕು ಅಂತ ಕ್ಲಿನಿಕ್‌ಗೆ ಹೋದೆ. ಆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಡೊಲುಟೆಗ್ರಾವಿರ್ ಅಂದ್ರೆ ಯಾವುದು?" ನನ್ನ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಅವತ್ತು ಗೊತ್ತು ಗೊತ್ತು ಅಂದದ್ದು ಏನನ್ನ? ಹೆಸರೇ ಗೊತ್ತಿಲ್ಲದ ಮಾತ್ರೆಗೆ ಸಂಬಂಧ ಇಲ್ಲ ಅಂತ ಹೇಗೆ ಹೇಳಿದರು? ಕೇಳಿದರೆ "ನೀವು ಮೊದಲೇ ಸರಿಯಾಗಿ ಹೇಳಬೇಕಿತ್ತು" ಅಂತ ನನ್ನ ಮೇಲೇ ಹಾಕಿದರು. ಹೊರಗೆ ರಿಸೆಪ್ಷನ್ ಹುಡುಗಿ ಎಲ್ಲರ ಮುಂದೆ "ಸಾರ್, ಆ ಎಚ್‌ಐವಿ ಪೇಷೆಂಟ್ ಹೋದ್ರಾ?" ಅಂತ ಕೂಗಿದಳು. ರೋಗಿಯ ಒಪ್ಪಿಗೆ ಇಲ್ಲದೆ ಇದನ್ನು ಬಯಲು ಮಾಡಬಾರದು ಅಂತ 2017ರ ಕಾನೂನೇ ಇದೆ. ಚೀಟಿ, ಬಿಲ್ಲು ಇಟ್ಟುಕೊಂಡಿದ್ದೇನೆ, ದೂರು ಕೊಡುತ್ತೇನೆ.

ಹೊಸ ಮಾತ್ರೆ ಯಾರೇ ಬರೆಯಲಿ, ಎಆರ್‌ಟಿ ಸೆಂಟರ್‌ನಲ್ಲಿ ತೋರಿಸದೆ ನುಂಗಬೇಡಿ. ಆಂಟಾಸಿಡ್ ಬೇಕೇ ಬೇಕಾದರೆ ಟಿಎಲ್‌ಡಿ ಅದಕ್ಕಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ಆದಮೇಲೆ. ಕ್ಯಾಲ್ಸಿಯಂ, ಐರನ್ ಮಾತ್ರೆಗೂ ಇದೇ ಲೆಕ್ಕ, ಊಟದ ಜೊತೆಯಾದರೆ ಮಾತ್ರ ಒಟ್ಟಿಗೆ ನಡೆಯುತ್ತೆ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಕಾರ್ಬಮಜೆಪಿನ್ ಇದ್ದರಂತೂ ಕೇಳಲೇಬೇಕು. ಯಾರನ್ನು ಕೇಳುವುದು ಅಂತ ತಿಳಿಯದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಪುಸ್ತಕ ಬಿಚ್ಚದೆ ಚೀಟಿ ಬರೆಯುವ ಡಾಕ್ಟರ್ ಸಿಕ್ಕರೆ ಮಾತ್ರೆ ಕೊಳ್ಳದೆ ಎದ್ದು ಬನ್ನಿ.